ತಲೆಯ ಪ್ಯಾಕಿಂಗ್

(ಪುಣೆಯ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಬರೆದದ್ದು. ನಡುವೆ ಸಭೆಯವರು ಕೇಳಿದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ರೇಸ್ ಹೊಡೆಯುವವನಲ್ಲ, ಡಾಕ್ಟರೂ ಅಲ್ಲ. ಭೋಸರಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ಇಪ್ಪತ್ತು ವರ್ಷವಾಯಿತು. ಮಾಲು ಒಡೆಯದೆ ಗಿರಾಕಿಯ ಕೈ ಸೇರಬೇಕು, ಅಷ್ಟೇ ನಮ್ಮ ಕೆಲಸ. ಡಬ್ಬಿ ಕಟ್ಟುತ್ತೇವೆ, ಎತ್ತರದಿಂದ ಬೀಳಿಸುತ್ತೇವೆ, ಬಿಚ್ಚಿ ನೋಡುತ್ತೇವೆ. ಒಡೆದಿದ್ದರೆ ಮತ್ತೆ ಮೊದಲಿಂದ. ಭಾನುವಾರ ಬೆಳಿಗ್ಗೆ ಮಾತ್ರ ಸೈಕಲ್ ಹತ್ತಿ ಸಿಂಹಗಡದ ಕೋಟೆ ಬೆಟ್ಟದ ಕಡೆ ಹೋಗುತ್ತೇನೆ. ಹೆಲ್ಮೆಟ್ ಬಗ್ಗೆ ಮಾತಾಡಿ ಎಂದು ನೀವು ಕರೆದಾಗ ಅನ್ನಿಸಿದ್ದು ಇಷ್ಟೇ: ಇದೂ ಪ್ಯಾಕಿಂಗೇ. ಮಾಲು ಬೇರೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಎಷ್ಟು ರೂಪಾಯಿದು ತಗೊಳ್ಳಲಿ?" ಅದಕ್ಕೆ ಉತ್ತರ ಹೇಳುವ ಮೊದಲು ನನ್ನ ಹಣೆ ತೋರಿಸುತ್ತೇನೆ. ಇಲ್ಲಿ, ಎಡ ಹುಬ್ಬಿನ ಮೇಲೆ. ಐದು ಹೊಲಿಗೆ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಾ ಬಂದಿತ್ತು. ಮುಳಶಿ ರಸ್ತೆಯ ಒಂದು ತಿರುವಿನಲ್ಲಿ ಮಳೆನೀರು ಜಲ್ಲಿ ತಂದು ಹರಡಿತ್ತು. ಮುಂದಿನ ಗಾಲಿ ಜಾರಿತು. ತಲೆಯ ಮೇಲೆ ಒಂಬತ್ತು ಸಾವಿರದ ಹೆಲ್ಮೆಟ್ ಇತ್ತು. ಆನ್‌ಲೈನ್ ಸೇಲ್‌ನಲ್ಲಿ ತರಿಸಿದ್ದು. ಎಲ್ ಸೈಜ್ ಮಾತ್ರ ಉಳಿದಿತ್ತು, ನನ್ನದು ಎಂ ತಲೆ. ಹಿಂದಿನ ತಿರುಪು ಬಿಗಿ ಮಾಡಿದರೆ ಆಯಿತು ಎಂದುಕೊಂಡಿದ್ದೆ. ಬೀಳುವಾಗ ಹೆಲ್ಮೆಟ್ ಹಿಂದಕ್ಕೆ ಸರಿದು ಹಣೆ ಬಯಲಾಯಿತು. ಹೊಲಿಗೆ ಹಾಕುತ್ತಾ ಡಾಕ್ಟರು ಕೇಳಿದರು, "ಹೆಲ್ಮೆಟ್ ನವ್ಹತಂ ಕಾ?" ಹೆಲ್ಮೆಟ್ ಇರಲಿಲ್ವಾ ಅಂತ. ನಾನು ಮೂಲೆಯ ಕುರ್ಚಿಯ ಕಡೆ ಕೈ ತೋರಿಸಿದೆ. ಅಲ್ಲಿ ಅದು ಕೂತಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಹೊಳೆಯುತ್ತಿತ್ತು.

ಪ್ಯಾಕಿಂಗಿನವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಮಾಲು ಒಡೆದಿದೆ, ಡಬ್ಬಿ ಹೊಸದಾಗಿದೆ!

ಆಮೇಲೆ ಮನೆಗೆ ತಂದು ಆ ಹೆಲ್ಮೆಟ್ಟನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಎರಡು ಹೋಳು ಮಾಡಿದೆ. ಜೊತೆಗೆ 1,800 ರೂಪಾಯಿಯ ಇನ್ನೊಂದನ್ನೂ ಕೊಂಡು ಕೊಯ್ದೆ. ಹೆಂಡತಿ ಏನೂ ಅನ್ನಲಿಲ್ಲ, ಸುಮ್ನೆ ನೋಡಿದಳು. ಆ ಹೋಳುಗಳು ಈಗ ನಿಮ್ಮ ಸಾಲಿನಲ್ಲಿ ಬರುತ್ತವೆ, ಒಬ್ಬರಿಂದೊಬ್ಬರಿಗೆ ದಾಟಿಸಿ.

ನೋಡಿದಿರಾ? ಒಳಗೆ ಎರಡರಲ್ಲೂ ಇರುವುದು ಥರ್ಮಾಕೋಲ್. ಟಿವಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ ಜಾತಿ. ಮೂರು ನಾಲ್ಕು ಪಟ್ಟು ದಟ್ಟ, ಅಷ್ಟೇ. ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಗುಳಿ ಬಿತ್ತು, ಮತ್ತೆ ಮೇಲೆ ಬರಲಿಲ್ಲ. ಸ್ಪಂಜಾಗಿದ್ದರೆ ವಾಪಸ್ ಬರುತ್ತಿತ್ತು, ಬರುವಾಗ ತಲೆಯನ್ನೂ ಪುಟಿಸುತ್ತಿತ್ತು. ಇದು ಕುಸಿದು, ಏಟನ್ನು ನುಂಗಿ, ಅಲ್ಲೇ ಸಾಯುತ್ತದೆ. ಹಾಗಾಗಿಯೇ ಒಮ್ಮೆ ಏಟು ತಿಂದ ಹೆಲ್ಮೆಟ್ ಎಷ್ಟು ಚೆನ್ನಾಗಿ ಕಂಡರೂ ಮುಗಿಯಿತು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಭಾಗಾಕಾರ ಬಂದರೆ ಸಾಕು. ನಮ್ಮ ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಮೊದಲ ದಿನ ಇದನ್ನೇ ಹೇಳಿಕೊಡುತ್ತೇವೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಸರಾಸರಿ ಎಷ್ಟು "ಜಿ" ಏಟು ಎಂದು ಹೆಚ್ಚುಕಡಿಮೆ ಸಿಗುತ್ತದೆ. ಒಂದು ಜಿ ಅಂದರೆ ಭೂಮಿ ನಮ್ಮನ್ನು ಎಳೆಯುವಷ್ಟು. ಸೈಕಲ್ ಮೇಲಿಂದ ತಲೆ ಒಂದೂವರೆ ಮೀಟರ್ ಬಿತ್ತು ಎನ್ನಿ. ಬರೀ ತಲೆಯಾದರೆ ಚರ್ಮ, ಕೂದಲು ಸೇರಿ ನಿಲ್ಲಲು ಸಿಗುವುದು ಮೂರು ಮಿಲಿಮೀಟರ್ ಎಂದಿಟ್ಟುಕೊಳ್ಳಿ. 1500 ಭಾಗಿಸು 3, ಐನೂರು ಜಿ. ಹೆಲ್ಮೆಟ್ ಇದ್ದು ಥರ್ಮಾಕೋಲ್ ಇಪ್ಪತ್ತು ಮಿಲಿಮೀಟರ್ ಕುಸಿದರೆ 1500 ಭಾಗಿಸು 20, ಎಪ್ಪತ್ತೈದು. ನಿಜವಾದ ಏಟಿನ ತುದಿ ಇದಕ್ಕಿಂತ ಮೇಲೆ ಹೋಗುತ್ತದೆ, ಸರಾಸರಿ ಮಾತ್ರ ಇದು. ಆದರೂ ಇಡೀ ಹೆಲ್ಮೆಟ್ ಉದ್ಯಮ ನಿಂತಿರುವುದು ಈ ಎರಡು ಸೆಂಟಿಮೀಟರ್ ಮೇಲೆ. ಬಣ್ಣ, ಹೆಸರು, ಕಾರ್ಬನ್ ತುಂಡು, ಎಲ್ಲ ಆಮೇಲೆ.

"ಒಂದೂವರೆ ಮೀಟರ್ ಸರಿ, ಆದರೆ ನಾವು ಮೂವತ್ತರಲ್ಲಿ ಓಡಿಸ್ತೀವಲ್ಲ?" ಎಂದು ಮುಂದಿನ ಸಾಲಿನ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಒಂದೂವರೆ ಮೀಟರ್ ಬಿದ್ದ ತಲೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿರುತ್ತದೆ. ನೀವು ಮೂವತ್ತರಲ್ಲಿ ಹೋಗುತ್ತಿದ್ದರೂ ನೆಲಕ್ಕೆ ಬೀಳುವುದು ಅದೇ ಎತ್ತರದಿಂದ. ಮುಂದಕ್ಕೆ ಹೋಗುವ ವೇಗ ಬಹುಪಾಲು ಉಜ್ಜಿಕೊಂಡು ಹೋಗುವುದರಲ್ಲಿ ಕಳೆಯುತ್ತದೆ. ಕಂಬ, ಗೋಡೆ, ಟೆಂಪೋ ಎದುರಿಗೆ ಬಂದರೆ ಈ ಲೆಕ್ಕ ನಡೆಯುವುದಿಲ್ಲ. ಹೈವೇಯಲ್ಲಿ ಟ್ರಕ್ ಗುದ್ದಿದರೆ ಯಾವ ಬೆಲೆಯ ಸೈಕಲ್ ಹೆಲ್ಮೆಟ್ ಮೇಲೂ ಭರವಸೆ ಇಡಬೇಡಿ. ಆ ಕೆಲಸಕ್ಕೆ ಅದನ್ನು ಮಾಡಿಲ್ಲ.

ಯಾವ ಕೆಲಸಕ್ಕೆ ಮಾಡಿದ್ದಾರೆ ಎಂಬುದು ಒಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಯುರೋಪಿನ ಗುಣಮಟ್ಟದ ಗುರುತು ಇಎನ್ 1078. ಲೋಹದ ನಕಲಿ ತಲೆಗೆ ಹೆಲ್ಮೆಟ್ ಹಾಕಿ ಸುಮಾರು ಒಂದೂವರೆ ಮೀಟರ್‌ನಿಂದ ಸಪಾಟು ಕಬ್ಬಿಣದ ಮೇಲೆ ಬೀಳಿಸುತ್ತಾರೆ. ಏಟು 250 ಜಿ ದಾಟಬಾರದು. ಫುಟ್‌ಪಾತಿನ ಅಂಚಿನಂಥ ಆಕಾರದ ಮೇಲೂ ಬೀಳಿಸುತ್ತಾರೆ, ಅದು ಸ್ವಲ್ಪ ಕಡಿಮೆ ಎತ್ತರದಿಂದ. ಅಮೆರಿಕದ್ದು ಸಿಪಿಎಸ್‌ಸಿ, ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಗುರುತು. ಅದು 1999ರಿಂದ ಕಡ್ಡಾಯ. ಎತ್ತರ ಎರಡು ಮೀಟರ್, ಮಿತಿ 300 ಜಿ. ಇವೆರಡರಲ್ಲಿ ಒಂದು ಇದ್ದರೆ ನನಗೆ ಸಾಕು.

ಇಲ್ಲಿ ನಮ್ಮವರು ಒಂದು ಕಡೆ ಎಡವುತ್ತಾರೆ. ಐಎಸ್‌ಐ ಗುರುತು ಹುಡುಕುತ್ತಾರೆ. ಐಎಸ್ 4151 ಎಂಬ ಆ ಗುಣಮಟ್ಟ ಸ್ಕೂಟರ್, ಬೈಕ್ ಹೆಲ್ಮೆಟ್ಟಿನದು. 2021ರ ಜೂನ್‌ನಿಂದ ಕಡ್ಡಾಯವಾದದ್ದೂ ಅದೇ. ಹಾಗಂತ ಬೈಕ್ ಹೆಲ್ಮೆಟ್ ಹಾಕಿ ಸಿಂಹಗಡ ಹತ್ತಲು ಹೋಗಬೇಡಿ. ಒಂದು ಕಿಲೋಗಿಂತ ಜಾಸ್ತಿ ತೂಕ, ಗಾಳಿ ಇಲ್ಲ. ರೋಡ್ ಸೈಕಲ್‌ನಲ್ಲಿ ಬಗ್ಗಿ ಕೂತು ಕತ್ತು ಎತ್ತಿ ನೋಡಬೇಕಲ್ಲ, ಅರ್ಧ ಗಂಟೆಯಲ್ಲಿ ಕತ್ತು ಹಿಡಿಯುತ್ತದೆ. ಬರೀ ಸಿಇ ಎಂಬ ಯುರೋಪಿನ ಗುರುತು ಹಾಕಿ ಮುಂದೆ ಸಂಖ್ಯೆ ಏನೂ ಇಲ್ಲದಿದ್ದರೆ ಅದನ್ನೂ ನಂಬಬೇಡಿ. ಆಟಿಕೆ ಮೇಲೂ ಸಿಇ ಇರುತ್ತದೆ.

ಸರಿ, ಗುಣಮಟ್ಟ ಎರಡಕ್ಕೂ ಒಂದೇ ಆದರೆ ಒಂಬತ್ತು ಸಾವಿರ ಯಾಕೆ? ಹೋಳುಗಳನ್ನು ಮತ್ತೊಮ್ಮೆ ನೋಡಿ. ದುಬಾರಿಯದರಲ್ಲಿ ಕಿಟಕಿ ದೊಡ್ಡವು. ಒಳಗೆ ಮುಂದಿನಿಂದ ಹಿಂದಕ್ಕೆ ಕಾಲುವೆ ತೋಡಿದ್ದಾರೆ, ಗಾಳಿ ಹಣೆಯಿಂದ ನುಗ್ಗಿ ಹಿಂದಿನಿಂದ ಹೋಗುತ್ತದೆ. ಇಷ್ಟು ತೂತು ಮಾಡಿದರೆ ಉಳಿಯುವ ಥರ್ಮಾಕೋಲ್ ಕಡಿಮೆ. ಹಾಗಾಗಿ ಉಳಿದದ್ದನ್ನು ಹೆಚ್ಚು ದಟ್ಟ ಮಾಡಬೇಕು, ಒಳಗೆ ಪ್ಲಾಸ್ಟಿಕ್ ಅಸ್ಥಿಪಂಜರ ಇಡಬೇಕು. ಕೆಲಸ ಜಾಸ್ತಿ, ಬೆಲೆ ಜಾಸ್ತಿ. ಅಗ್ಗದ್ದು 300 ಗ್ರಾಂ ತೂಗಿದರೆ ಇದು 240. ಅಂದರೆ ಒಂದು ಹಂತ ದಾಟಿದ ಮೇಲೆ ನಾವು ದುಡ್ಡು ಕೊಡುವುದು ಗಾಳಿಗೆ ಮತ್ತು ಅರವತ್ತು ಗ್ರಾಂಗೆ. ತಲೆಗಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 2018ರಿಂದ ಸೈಕಲ್ ಹೆಲ್ಮೆಟ್‌ಗಳನ್ನು ಬೀಳಿಸಿ ನಕ್ಷತ್ರ ಕೊಡುತ್ತಿದ್ದಾರೆ. ಐದು ನಕ್ಷತ್ರದ ಪಟ್ಟಿಯಲ್ಲಿ ದುಬಾರಿಯವೂ ಇವೆ, ಸಾಧಾರಣ ಬೆಲೆಯವೂ ಇವೆ. ಕೊಳ್ಳುವ ಮುಂಚೆ ಆ ಪಟ್ಟಿ ನೋಡಲು ದುಡ್ಡು ಬೇಕಿಲ್ಲ.

ಆದರೆ ಗಾಳಿಯನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಇದು ಪುಣೆ. ಏಪ್ರಿಲ್‌ನಲ್ಲಿ ಗೋಳೇವಾಡಿ ದಾಟಿ ಏರು ಶುರುವಾದ ಮೇಲೆ ನಿಮ್ಮ ವೇಗ ಎಂಟೋ ಒಂಬತ್ತೋ. ಗಾಳಿಯೇ ಇಲ್ಲ. ಬೆವರು ಕಣ್ಣಿಗೆ. ಆಗ ಜನ ಏನು ಮಾಡುತ್ತಾರೆ? ಹೆಲ್ಮೆಟ್ ತೆಗೆದು ಹ್ಯಾಂಡಲ್‌ಗೆ ನೇತುಹಾಕುತ್ತಾರೆ. ಮೇಲೆ ಹೋಗಿ ಪಿಠಲಾ ಭಾಕರಿ, ಮಡಕೆ ಮೊಸರು ತಿಂದು, ಫೋಟೋ ತೆಗೆದು, ಅದೇ ಖುಷಿಯಲ್ಲಿ ಹ್ಯಾಂಡಲ್‌ಗೆ ನೇತಾಡುವ ಹೆಲ್ಮೆಟ್ ಜೊತೆ ಇಳಿಯಲು ಶುರು ಮಾಡುತ್ತಾರೆ. ಇಳಿಜಾರಿನಲ್ಲಿ! ನಾನು ಕಣ್ಣಾರೆ ಎಷ್ಟೋ ಸಲ ನೋಡಿದ್ದೇನೆ.

ದೊಡ್ಡ ರೇಸಿನವರೂ ನಮ್ಮ ಹಾಗೇ. ಪುಣೆಯಲ್ಲಿ ಹೆಲ್ಮೆಟ್ ಕಡ್ಡಾಯ ಅಂದಾಗಲೆಲ್ಲ ವಿರೋಧ ಎದ್ದಿದೆ, ನಗುತ್ತೀರಿ. 1991ರಲ್ಲಿ ಪ್ಯಾರಿಸ್–ನೀಸ್ ರೇಸಿನಲ್ಲಿ ಸವಾರರು ಇದೇ ಕಾರಣಕ್ಕೆ ಪ್ರತಿಭಟಿಸಿ ನಿಯಮವನ್ನು ಹಿಂದೆ ತೆಗೆಸಿದ್ದರು. 1995ರ ಟೂರ್ ಡಿ ಫ್ರಾನ್ಸ್‌ನಲ್ಲಿ, ಒಲಿಂಪಿಕ್ ಚಿನ್ನ ಗೆದ್ದಿದ್ದ ಇಟಲಿಯ ಫ್ಯಾಬಿಯೊ ಕಸಾರ್ಟೆಲ್ಲಿ ಬೆಟ್ಟ ಇಳಿಯುವಾಗ ಬಿದ್ದು ತೀರಿಕೊಂಡರು. ತಲೆಯಲ್ಲಿ ಹೆಲ್ಮೆಟ್ ಇರಲಿಲ್ಲ. ಆಗಲೂ ನಿಯಮ ಬರಲಿಲ್ಲ. 2003ರ ಮಾರ್ಚ್‌ನಲ್ಲಿ ಅದೇ ಪ್ಯಾರಿಸ್–ನೀಸ್‌ನಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ತೀರಿಕೊಂಡ ಮೇಲೆ, ಮೇ ತಿಂಗಳಲ್ಲಿ ಕಡ್ಡಾಯವಾಯಿತು. ಆಗಲೂ ಒಂದು ರಿಯಾಯಿತಿ ಇತ್ತು: ರೇಸು ಏರಿನಲ್ಲಿ ಮುಗಿಯುವುದಾದರೆ, ಆ ಏರು ಸಾಕಷ್ಟು ಉದ್ದವಿದ್ದರೆ, ಅಲ್ಲಿ ತೆಗೆಯಬಹುದು. ಆಮೇಲೆ ಅದನ್ನೂ ತೆಗೆದರು. ಸೆಕೆ ಎಲ್ಲರಿಗೂ ಒಂದೇ, ಅಲ್ವಾ?

ಹಾಗಾಗಿ ಬೆಲೆಗೆ ತಕ್ಕ ಹೆಲ್ಮೆಟ್ ಅಂದರೆ ನನ್ನ ಪ್ರಕಾರ ಏರಿನಲ್ಲೂ ತೆಗೆಯಬೇಕು ಅನ್ನಿಸದ್ದು, ಬೀಳುವಾಗಲೂ ಜಾಗ ಬಿಡದ್ದು. ಗಾಳಿ ಮತ್ತು ಅಳತೆ. ಈಗಿನ ಅಂಗಡಿ ದರದಲ್ಲಿ ಎರಡರಿಂದ ಮೂರೂವರೆ ಸಾವಿರದೊಳಗೆ ಇವೆರಡೂ ಸಿಗುತ್ತವೆ. ಆ ಬೆಲೆಗೆ ಸಿಗುವವುಗಳಲ್ಲಿ ಹೊರಗಿನ ಪ್ಲಾಸ್ಟಿಕ್ ಸಿಪ್ಪೆಯನ್ನೂ ಥರ್ಮಾಕೋಲನ್ನೂ ಒಂದೇ ಅಚ್ಚಿನಲ್ಲಿ ಬೆಸೆದದ್ದನ್ನು ಆರಿಸಿ. ಅಂಚಿಗೆ ಟೇಪ್ ಅಂಟಿಸಿದ್ದರೆ ಸಿಪ್ಪೆ ಬೇರೆ, ಥರ್ಮಾಕೋಲ್ ಬೇರೆ ಎಂದು ಗೊತ್ತಾಗುತ್ತದೆ. ಬಿದ್ದಾಗ ಸಿಪ್ಪೆ ಕಳಚಿಕೊಳ್ಳಬಹುದು. ಐನೂರು, ಆರುನೂರಕ್ಕೆ ರಸ್ತೆ ಬದಿಯಲ್ಲಿ ಸಿಗುವುದನ್ನು ಬಿಟ್ಟುಬಿಡಿ. ಗಾಳಿ ಸೀಳುವ, ತೂತು ಕಡಿಮೆ ಇರುವ ಏರೋ ಹೆಲ್ಮೆಟ್ಟನ್ನೂ ಬಿಡಿ. ಅದು ನಲವತ್ತರಲ್ಲಿ ಓಡುವವರಿಗೆ. ಮುಂದೆ ಟೋಪಿ ಅಂಚು ಇರುವುದೂ ಬೇಡ, ಬಗ್ಗಿದಾಗ ರಸ್ತೆ ಕಾಣುವುದಿಲ್ಲ.

ಈಗ ಅಳತೆ. ಇದಕ್ಕೆ ಒಬ್ಬರು ಬೇಕು. ಅಕ್ಕಾ, ನೀವು ಬನ್ನಿ. ಹೌದು, ಹೆಲ್ಮೆಟ್ ತೊಡೆಯ ಮೇಲೆ ಇಟ್ಟುಕೊಂಡವರು.

ಇದು ದರ್ಜಿಯ ಟೇಪು, ಇಪ್ಪತ್ತು ರೂಪಾಯಿ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು, ಕಿವಿಯ ಮೇಲಿಂದ, ಹಿಂದೆ ತಲೆ ಉಬ್ಬಿದ ಜಾಗದ ಮೇಲೆ ಸುತ್ತಬೇಕು. ಎಷ್ಟು ಬಂತು? ಐವತ್ತನಾಲ್ಕು ಸೆಂಟಿಮೀಟರ್. ನಿಮ್ಮ ಹೆಲ್ಮೆಟ್ ಒಳಗೆ ಏನು ಬರೆದಿದೆ ಓದಿ. "ಐವತ್ತೆಂಟರಿಂದ ಅರವತ್ತೆರಡು." ಕೇಳಿದಿರಾ? ಯಾರದು ಇದು? "ಇವರದು. ಅವರಿಗೆ ಹೊಸದು ಬಂತು, ನನಗೆ ಹಳೇದು ಬಂತು." (ಸಭೆ ನಕ್ಕಿತು. ಯಜಮಾನರು ಮಾತ್ರ ಫೋನ್ ನೋಡುತ್ತಿದ್ದರು.)

ಹಾಕಿಕೊಳ್ಳಿ ಅಕ್ಕಾ. ಬೆಲ್ಟ್ ಹಾಕಬೇಡಿ, ತಲೆ ಬಗ್ಗಿಸಿ ಅಲ್ಲಾಡಿಸಿ. ಬಿತ್ತು. ನಾನು ಹಿಡಿದೆ, ರಸ್ತೆ ಹಿಡಿಯುವುದಿಲ್ಲ. ಈಗ ನನ್ನ ಮಗಳದ್ದು ಹಾಕಿ, 52ರಿಂದ 56. ನೆಟ್ಟಗೆ ಕೂರಬೇಕು, ಹಿಂದಕ್ಕೆ ತಳ್ಳಿದ ಟೋಪಿಯಂತಲ್ಲ. ಕಣ್ಣು ಮೇಲೆತ್ತಿದರೆ ಅಂಚು ಕಾಣಬೇಕು. ಹಿಂದಿನ ತಿರುಪು ತಿರುಗಿಸಿ, ಬಿಗಿ ಅನ್ನಿಸುವಷ್ಟು, ನೋವಾಗುವಷ್ಟಲ್ಲ. ಜಡೆ ತಿರುಪಿನ ಕೆಳಗೆ ಇಳಿಯಬೇಕು. ತುರುಬು ಕಟ್ಟಿದರೆ ಹೆಲ್ಮೆಟ್ ಮುಂದಕ್ಕೆ ವಾಲುತ್ತದೆ. ಬೆಲ್ಟಿನ ಎರಡು ಎಳೆ ಕಿವಿಯ ಕೆಳಗೆ ಕೂಡಬೇಕು, ಕಿವಿಯ ಮೇಲೆ ಅಲ್ಲ. ಗದ್ದದ ಕೆಳಗೆ ಒಂದು ಬೆರಳು ತೂರಬೇಕು. ಈಗ ಬಾಯಿ ದೊಡ್ಡದಾಗಿ ತೆರೆಯಿರಿ, ದಂತವೈದ್ಯರ ಹತ್ತಿರ ತೆರೆದ ಹಾಗೆ. ಹೆಲ್ಮೆಟ್ ತಲೆಯನ್ನು ಕೆಳಗೆ ಎಳೆದ ಹಾಗೆ ಆಯಿತಾ? ಆಯಿತು. ಈಗ ಬಗ್ಗಿ ಅಲ್ಲಾಡಿಸಿ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಸುತ್ತಳತೆ ಒಂದೇ ಇದ್ದರೂ ತಲೆಯ ಆಕಾರ ಬೇರೆ. ಕೆಲವರದು ದುಂಡಗೆ, ಕೆಲವರದು ಉದ್ದ. ಹಾಕಿದಾಗ ತಲೆಯ ಎರಡೂ ಪಕ್ಕ ಒತ್ತಿ ಹಣೆಯ ಮುಂದೆ ಖಾಲಿ ಉಳಿದರೆ ಆ ಕಂಪನಿಯ ಅಚ್ಚು ನಿಮಗಲ್ಲ. ಹತ್ತು ನಿಮಿಷ ಅಂಗಡಿಯಲ್ಲೇ ಹಾಕಿಕೊಂಡು ಓಡಾಡಿ. ಅಂಗಡಿಯವನು ಕರಕರೆ ಮಾಡಿದರೆ ಮಾಡಲಿ. ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಒಂದೇ ಕಡೆ ಗಾಢವಾಗಿದ್ದರೆ ಬೇಡ. ಇದೇ ಕಾರಣಕ್ಕೆ ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಮಾಡಬಹುದಾದದ್ದನ್ನೇ ತರಿಸಿ. ನನ್ನದು ಸೇಲಿನದು, ವಾಪಸ್ ಇರಲಿಲ್ಲ. ಉಳಿದ ಕಥೆ ನಿಮಗೆ ಗೊತ್ತು.

ಮಿಪ್ಸ್ ಬಗ್ಗೆ ಚೀಟಿ ಬಂದಿದೆ. ಒಳಗೆ ಹಳದಿ ಪ್ಲಾಸ್ಟಿಕ್ ಬಲೆ ಇರುತ್ತದಲ್ಲ, ಅದು. ಅಗಲವಾದ ಬೋಗುಣಿಯಲ್ಲಿ ನೀರು ಹಾಕಿ ಗಕ್ಕನೆ ತಿರುಗಿಸಿ. ಬೋಗುಣಿ ತಿರುಗುತ್ತದೆ, ನೀರು ಇದ್ದಲ್ಲೇ ಉಳಿಯುತ್ತದೆ. ತಲೆ ಓರೆಯಾಗಿ ನೆಲಕ್ಕೆ ಬಡಿದಾಗ ಬುರುಡೆ ತಿರುಗುತ್ತದೆ, ಮೆದುಳು ಹಿಂದೆ ಬೀಳುತ್ತದೆ. ಆ ಜಗ್ಗಾಟವೇ ಅಪಾಯ. ಸ್ವೀಡನ್ನಿನ ನರಶಸ್ತ್ರವೈದ್ಯ ಹಾನ್ಸ್ ಫಾನ್ ಹೋಲ್ಸ್ಟ್ ಮತ್ತು ಸ್ಟಾಕ್‌ಹೋಮ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ಹಾಲ್ಡಿನ್ ತೊಂಬತ್ತರ ದಶಕದಲ್ಲಿ ಇದಕ್ಕೆ ಕೈಹಾಕಿದರು. ಏಟು ಬಿದ್ದ ಕ್ಷಣ ಹೆಲ್ಮೆಟ್ ತಲೆಯ ಮೇಲೆ ಹತ್ತು ಹದಿನೈದು ಮಿಲಿಮೀಟರ್ ಜಾರಲು ಬಿಡುವ ಪದರ ಅದು. ನಾನು ಹೇಳಿದ ಇಎನ್ 1078ರ ಬೀಳಿಸುವ ಪರೀಕ್ಷೆ ನೇರ ಏಟಿನದು, ಈ ತಿರುಗುವಿಕೆಯನ್ನು ಅಳೆಯುವುದಿಲ್ಲ. ವರ್ಜೀನಿಯಾ ಟೆಕ್‌ನವರು ಅಳೆಯುತ್ತಾರೆ. ಬೇರೆ ಕಂಪನಿಗಳು ಬೇರೆ ಉಪಾಯದಿಂದಲೂ ಇದನ್ನೇ ಮಾಡುತ್ತವೆ. ಇನ್ನೊಂದೆರಡು ಸಾವಿರ ಕೈಯಲ್ಲಿದ್ದರೆ ನಾನು ಅದನ್ನು ಇದಕ್ಕೆ ಹಾಕುತ್ತೇನೆ, ಹಗುರಕ್ಕೆ ಹಾಕುವುದಿಲ್ಲ. ಆದರೆ ಅಳತೆ ಸರಿ ಇಲ್ಲದ ಮಿಪ್ಸ್‌ಗಿಂತ ಅಳತೆ ಸರಿ ಇರುವ ಸಾದಾ ಹೆಲ್ಮೆಟ್ ವಾಸಿ.

ಇಟ್ಟುಕೊಳ್ಳುವುದು ಹೇಗೆ, ಬೇಗ ಹೇಳುತ್ತೇನೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ಥರ್ಮಾಕೋಲ್ ಬೆಣ್ಣೆಯ ಹಾಗೆ ಕರಗುತ್ತದೆ. ಚೈನ್ ಒರೆಸಿದ ಬಟ್ಟೆಯಲ್ಲೇ ಹೆಲ್ಮೆಟ್ ಒರೆಸುವವರು ಇಲ್ಲಿ ಇಬ್ಬರಾದರೂ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಒಳಗಿನ ಮೆತ್ತೆ ಬಿಚ್ಚಿ ಸೋಪಿನ ನೀರಲ್ಲಿ ತೊಳೆಯಿರಿ, ಮಳೆಗಾಲದಲ್ಲಿ ಒದ್ದೆ ಹಾಗೇ ಬಿಟ್ಟರೆ ಬೂಸು ಹಿಡಿಯುತ್ತದೆ. ಸೆಕೆಂಡ್ ಹ್ಯಾಂಡ್ ಸೈಕಲ್ ಧಾರಾಳವಾಗಿ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ. ಎಲ್ಲಿ ಬಿದ್ದಿತ್ತು ಅಂತ ಅದು ಹೇಳುವುದಿಲ್ಲ.

"ಎಷ್ಟು ವರ್ಷಕ್ಕೆ ಬದಲಿಸಬೇಕು?" ಅಮೆರಿಕದ ಸಿಪಿಎಸ್‌ಸಿಯವರು ಐದರಿಂದ ಹತ್ತು ವರ್ಷ ಅನ್ನುತ್ತಾರೆ. ನಮ್ಮ ಬೆವರಿಗೂ ಬಿಸಿಲಿಗೂ ನಾನು ಐದಕ್ಕೆ ಬದಲಿಸುತ್ತೇನೆ. ಮೂರು ಸಾವಿರದ್ದು ಐದು ವರ್ಷ ಬಂದರೆ ತಿಂಗಳಿಗೆ ಐವತ್ತು ರೂಪಾಯಿ. ಗಡದ ಮೇಲೆ ಒಂದು ಪ್ಲೇಟ್ ಕಾಂದಾ ಭಜಿಗೂ ಸಾಲದು.

"ಬಿದ್ದ ಹೆಲ್ಮೆಟ್ ಏನು ಮಾಡಲಿ, ರಾಯರೇ? ಗುಜರಿಯವನಿಗೆ ಕೊಟ್ಟರಾಯಿತಾ?" ಹಿರಿಯರ ಪ್ರಶ್ನೆ. ಕೊಡುವ ಮುಂಚೆ ಬೆಲ್ಟ್ ಕತ್ತರಿಸಿ ಕಾಕಾ. ಇಲ್ಲದಿದ್ದರೆ ನಾಳೆ ಅದು ಯಾವುದೋ ಹುಡುಗನ ತಲೆ ಮೇಲೆ ಕೂರುತ್ತದೆ, ಗುಟ್ಟಾಗಿ ಒಡೆದ ಹೆಲ್ಮೆಟ್.

ಟೇಪು ಮೇಜಿನ ಮೇಲೆ ಇದೆ. ಚಹಾ ಬರುವ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ಅಳೆಸಿಕೊಳ್ಳಿ. ಅಕ್ಕಾ, ನಿಮ್ಮ ಯಜಮಾನರನ್ನೂ ಕರೆಯಿರಿ. ಅವರ ಹೊಸದು ಯಾವ ಸೈಜು ನೋಡೋಣ.